ರಕ್ತ ಕ್ಯಾನ್ಸರ್‌ಗಳಲ್ಲಿ ಜೀನ್ ಬದಲಾವಣೆಗಳು

ರಕ್ತ ಕ್ಯಾನ್ಸರ್‌ಗಳ ಜೀನ್ ಬದಲಾವಣೆಗಳೆಂದರೆ, ಮೂಳೆಮಜ್ಜೆಯಲ್ಲಿ ಅಥವಾ ದುಗ್ಧಗ್ರಂಥಿಗಳಲ್ಲಿ ಇರುವ ರಕ್ತಜನಕ ಕೋಶವೊಂದರ ಡಿಎನ್‌ಎಯಲ್ಲಿ ಉಂಟಾಗಿ, ಆ ಕೋಶವನ್ನೂ ಅದರ ಸಂತತಿಯನ್ನೂ ದೇಹದ ಹತೋಟಿ ಮೀರಿ ಬೆಳೆಯುವಂತೆ ಮಾಡುವ ಬದಲಾವಣೆಗಳು. ಲ್ಯುಕೇಮಿಯಾ, ಲಿಂಫೋಮಾ, ಮಲ್ಟಿಪಲ್ ಮೈಲೋಮಾ ಎಂಬ ಮೂರು ದೊಡ್ಡ ಬಗೆಗಳಿಗೂ, ಅವುಗಳ ಅಂಚಿನಲ್ಲಿರುವ ಮಜ್ಜೆಯ ಇತರ ರೋಗಗಳಿಗೂ ಮೂಲ ಇವೇ. ಇವುಗಳಲ್ಲಿ ಬಹುಪಾಲು ತಂದೆತಾಯಿಯಿಂದ ಬಂದವಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಒಬ್ಬ ವ್ಯಕ್ತಿಯ ಜೀವಿತಾವಧಿಯಲ್ಲಿ, ಒಂದೇ ಒಂದು ಕೋಶದಲ್ಲಿ ಘಟಿಸಿ, ಆ ಕೋಶದ ಮರಿಕೋಶಗಳಲ್ಲಿ ಮಾತ್ರ ಮುಂದುವರಿಯುತ್ತವೆ. ಕ್ಯಾನ್ಸರಿಗೆ ಜೀನ್‌ಗಳಲ್ಲಿ ಕಾರಣವಿದೆ ಎಂಬುದು ಮೊದಲು ಖಚಿತವಾಗಿ ಸಿದ್ಧಪಟ್ಟದ್ದು ರಕ್ತದ ಕ್ಯಾನ್ಸರ್‌ಗಳಲ್ಲಿ. ಆ ಕಾರಣವನ್ನೇ ಗುರಿಯಾಗಿಟ್ಟು ರೂಪಿಸಿದ ಮಾತ್ರೆ ಅದ್ಭುತವಾಗಿ ಫಲಿಸಿದ್ದೂ ಇಲ್ಲಿಯೇ.

ಪರಿಭಾಷೆ

ಮನುಷ್ಯನ ಪ್ರತಿ ದೇಹಕೋಶದಲ್ಲಿ 23 ಜೊತೆ, ಅಂದರೆ 46 ವರ್ಣತಂತುಗಳಿವೆ. ಪ್ರತಿ ವರ್ಣತಂತುವಿಗೆ ಒಂದು ಗಿಡ್ಡ ತೋಳು (ಪಿ), ಒಂದು ಉದ್ದ ತೋಳು (ಕ್ಯೂ). ವರ್ಣತಂತುವಿನ ಉದ್ದಕ್ಕೂ ಜೀನ್‌ಗಳು ನೆಲೆಗೊಂಡಿವೆ. ಡಿಎನ್‌ಎಯ ಅಕ್ಷರಗಳಲ್ಲಿ ಆಗುವ ಶಾಶ್ವತ ಬದಲಾವಣೆ ಉತ್ಪರಿವರ್ತನೆ. ಒಂದು ವರ್ಣತಂತುವಿನ ತುಂಡು ಕಳಚಿ ಇನ್ನೊಂದಕ್ಕೆ ಅಂಟಿಕೊಳ್ಳುವುದು ಸ್ಥಾನಾಂತರ. ಹೀಗೆ ಅಂಟಿಕೊಂಡಾಗ ಎರಡು ಜೀನ್‌ಗಳ ಭಾಗಗಳು ಕೂಡಿ ಹುಟ್ಟುವ ಹೊಸ ಜೀನು ಬೆಸುಗೆ ಜೀನ್. ಒಂದೇ ಕೋಶದಿಂದ ಇಳಿದುಬಂದ ಕೋಶಗಳ ಸಮುದಾಯವನ್ನು ಈ ಲೇಖನದಲ್ಲಿ ಕೋಶಕುಲ ಎಂದು ಕರೆಯಲಾಗಿದೆ. ಮಜ್ಜೆಯಲ್ಲಿ ಕೆಂಪುಕಣ, ಪ್ಲೇಟ್‌ಲೆಟ್ ಮತ್ತು ಹೆಚ್ಚಿನ ಬಿಳಿಕಣಗಳು ಹುಟ್ಟುವ ಸಾಲು ಮೈಲಾಯ್ಡ್ ಸಾಲು. ಬಿ ಮತ್ತು ಟಿ ಲಿಂಫೋಸೈಟ್‌ಗಳು ಹುಟ್ಟುವುದು ಲಿಂಫಾಯ್ಡ್ ಸಾಲಿನಲ್ಲಿ.

ಅರಿವಿನ ಇತಿಹಾಸ

1845ರಲ್ಲಿ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್, ಬರ್ಲಿನ್ನಿನ ರುಡಾಲ್ಫ್ ವಿರ್ಚೋವ್ ಪ್ರತ್ಯೇಕವಾಗಿ, ಸತ್ತ ರೋಗಿಗಳ ರಕ್ತದಲ್ಲಿ ಬಣ್ಣವಿಲ್ಲದ ಕಣಗಳು ವಿಪರೀತ ತುಂಬಿಕೊಂಡಿದ್ದುದನ್ನು ವರ್ಣಿಸಿದರು. ಲ್ಯುಕೇಮಿಯಾ ಎಂಬ ಹೆಸರು ವಿರ್ಚೋವ್ ಕೊಟ್ಟದ್ದು. 1914ರಲ್ಲಿ ಜರ್ಮನ್ ಜೀವವಿಜ್ಞಾನಿ ಥಿಯೊಡರ್ ಬೋವೆರಿ, ವರ್ಣತಂತುಗಳ ಏರುಪೇರೇ ಗಂತಿಗಳಿಗೆ ಕಾರಣವಿರಬೇಕು ಎಂದು ತರ್ಕಿಸಿದ. ಪರೀಕ್ಷಿಸಲು ಸಾಧನವಿರಲಿಲ್ಲ. ಮನುಷ್ಯನಿಗೆ 46 ವರ್ಣತಂತುಗಳಿವೆ ಎಂಬುದೇ ತೀರ್ಮಾನವಾದದ್ದು 1956ರಲ್ಲಿ, ಸ್ವೀಡನ್ನಿನಲ್ಲಿ ಜೋ ಹಿನ್ ಚಿಯೊ ಮತ್ತು ಆಲ್ಬರ್ಟ್ ಲೆವಾನ್ ಮಾಡಿದ ಎಣಿಕೆಯಿಂದ.

ಅದೇ ಹೊತ್ತಿಗೆ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಲ್ಯುಕೇಮಿಯಾ ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಬೆಳೆಸಿ, ನಲ್ಲಿ ನೀರಿನಲ್ಲಿ ತೊಳೆದರು. ಉಪ್ಪಿನಂಶ ಕಡಿಮೆಯಿದ್ದ ಆ ನೀರನ್ನು ಹೀರಿ ಕೋಶಗಳು ಉಬ್ಬಿದವು, ಒಳಗಿನ ವರ್ಣತಂತುಗಳು ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಹರಡಿಕೊಂಡವು. ಅವುಗಳನ್ನು ಓದಲು ನೋವೆಲ್, ವರ್ಣತಂತುಗಳ ಅಧ್ಯಯನದಲ್ಲಿ ಪಳಗುತ್ತಿದ್ದ ಡೇವಿಡ್ ಹಂಗರ್‌ಫೋರ್ಡ್ ಎಂಬ ವಿದ್ಯಾರ್ಥಿಯ ಜೊತೆಗೂಡಿದರು. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ರೋಗಿಗಳ ಕೋಶಗಳಲ್ಲಿ ಇರಬೇಕಾದ್ದಕ್ಕಿಂತ ಚಿಕ್ಕದಾದ ಒಂದು ವರ್ಣತಂತು ಮತ್ತೆ ಮತ್ತೆ ಕಂಡಿತು. 1960ರಲ್ಲಿ ಪ್ರಕಟವಾದ ಈ ಶೋಧದಿಂದ ಆ ವರ್ಣತಂತುವಿಗೆ ಊರಿನ ಹೆಸರೇ ನಿಂತು, ಫಿಲಡೆಲ್ಫಿಯಾ ವರ್ಣತಂತು ಎಂದಾಯಿತು. ಒಂದು ನಿರ್ದಿಷ್ಟ ಕ್ಯಾನ್ಸರಿಗೆ ಒಂದು ನಿರ್ದಿಷ್ಟ ವರ್ಣತಂತು ದೋಷ ಅಂಟಿಕೊಂಡಿರುವುದಕ್ಕೆ ಇದು ಮೊದಲ ಸಾಕ್ಷ್ಯ.

ಅದರ ಕಳೆದುಹೋದ ತುಂಡು ಎಲ್ಲಿ ಹೋಯಿತು ಎಂಬುದು ತಿಳಿಯಲು 13 ವರ್ಷ ಬೇಕಾಯಿತು. 1970ರ ಸುಮಾರಿಗೆ ಬಣ್ಣ ಹಾಕಿ ವರ್ಣತಂತುಗಳ ಮೇಲೆ ಅಡ್ಡಪಟ್ಟೆ ಮೂಡಿಸುವ ವಿಧಾನ ಬಂತು. ಷಿಕಾಗೊದ ಜಾನೆಟ್ ರೌಲಿ ಸೂಕ್ಷ್ಮದರ್ಶಕದ ಚಿತ್ರಗಳಿಂದ ವರ್ಣತಂತುಗಳನ್ನು ಒಂದೊಂದಾಗಿ ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಜೋಡಿಸಿ ಹೋಲಿಸುತ್ತಿದ್ದರು. 22ನೆಯ ವರ್ಣತಂತುವಿನಿಂದ ಹೋದ ತುಂಡು 9ನೆಯದರ ತುದಿಗೆ ಸೇರಿದೆ ಎಂದು 1973ರಲ್ಲಿ ಅವರು ತೋರಿಸಿದರು. ಅಲ್ಲಿಯವರೆಗೆ ಹೆಚ್ಚಿನವರು ವರ್ಣತಂತು ದೋಷವನ್ನು ಕ್ಯಾನ್ಸರಿನ ಪರಿಣಾಮವೆಂದು ಬಗೆದಿದ್ದರು, ಕಾರಣವೆಂದಲ್ಲ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾದ 8–21 ಸ್ಥಾನಾಂತರವನ್ನೂ, ಮುಂದೆ 1977ರಲ್ಲಿ 15–17 ಸ್ಥಾನಾಂತರವನ್ನೂ ಗುರುತಿಸಿದವರು ರೌಲಿಯೇ. ಒಂದೊಂದು ಬಗೆಯ ರೋಗಕ್ಕೆ ಒಂದೊಂದು ಸ್ಥಾನಾಂತರ ತಪ್ಪದೆ ಜೊತೆಯಾಗುವುದು ಕಂಡಮೇಲೆ ಆ ಹಳೆಯ ವಾದ ನಿಲ್ಲಲಿಲ್ಲ.

1980ರ ದಶಕದಲ್ಲಿ ಒಡೆದ ಜಾಗಗಳಲ್ಲಿರುವ ಜೀನ್‌ಗಳು ಒಂದೊಂದಾಗಿ ಹೊರಬಿದ್ದವು. 2008ರಲ್ಲಿ ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವು ತೀವ್ರ ಮೈಲಾಯ್ಡ್ ಲ್ಯುಕೇಮಿಯಾದ ಒಬ್ಬ ರೋಗಿಯ ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಇಡಿಯಾಗಿ ಓದಿತು. ಕ್ಯಾನ್ಸರೊಂದರ ಪೂರ್ಣ ಜೀನೋಮ್ ಓದಿದ್ದು ಅದೇ ಮೊದಲು.

ಬದಲಾವಣೆಗಳು ಹುಟ್ಟುವ ಬಗೆ

ವಯಸ್ಕರ ಮಜ್ಜೆ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪುಕಣಗಳನ್ನು ಹುಟ್ಟಿಸುತ್ತದೆ. ಈ ದುಡಿಮೆಗೆಲ್ಲ ಮೂಲ ರಕ್ತದ ಕಾಂಡಕೋಶಗಳು. ಕೋಶ ಇಬ್ಭಾಗವಾಗುವಾಗಲೂ, ಸುಮ್ಮನೆ ವಯಸ್ಸಾಗುವಾಗಲೂ ಡಿಎನ್‌ಎಯಲ್ಲಿ ತಪ್ಪುಗಳು ಉಳಿದುಹೋಗುತ್ತವೆ. ಒಂದು ಕಾಂಡಕೋಶದಲ್ಲಿ ವರ್ಷಕ್ಕೆ ಸುಮಾರು 17 ಉತ್ಪರಿವರ್ತನೆಗಳು ಕೂಡಿಕೊಳ್ಳುತ್ತವೆ. ಬಹುತೇಕ ಎಲ್ಲವೂ ನಿರಪಾಯಕಾರಿ. ಕೋಶದ ಬೆಳವಣಿಗೆಯನ್ನು ನಡೆಸುವ ಜೀನೊಂದರ ಮೇಲೆ ಬಿದ್ದದ್ದು ಮಾತ್ರ ಆ ಕೋಶಕ್ಕೆ ಉಳಿದವುಗಳಿಗಿಂತ ಮೇಲುಗೈ ಕೊಡುತ್ತದೆ.

ಲಿಂಫೋಸೈಟ್‌ಗಳಿಗೆ ಇನ್ನೊಂದು ಅಪಾಯವೂ ಇದೆ. ಬಗೆಬಗೆಯ ರೋಗಾಣುಗಳನ್ನು ಗುರುತಿಸಬಲ್ಲ ಪ್ರತಿಕಾಯಗಳನ್ನು ತಯಾರಿಸಲು ಅವು ತಮ್ಮದೇ ಡಿಎನ್‌ಎಯನ್ನು ಬೇಕೆಂದೇ ಕತ್ತರಿಸಿ ಮರುಜೋಡಿಸುತ್ತವೆ. ಈ ಕೆಲಸಕ್ಕೆ ರ್‍ಯಾಗ್ ಎಂಬ ಕಿಣ್ವವಿದೆ. ದುಗ್ಧಗ್ರಂಥಿಗೆ ಬಂದಮೇಲೆ ಪ್ರತಿಕಾಯದ ಜೀನನ್ನು ಇನ್ನಷ್ಟು ತಿದ್ದಲು ಏಯ್ಡ್ ಎಂಬ ಮತ್ತೊಂದು ಕಿಣ್ವವಿದೆ. ಕತ್ತರಿಸಿದ ತುದಿ ತಪ್ಪು ಜಾಗಕ್ಕೆ ಅಂಟಿದರೆ ಸ್ಥಾನಾಂತರ. ಬಿ ಕೋಶದ ಕ್ಯಾನ್ಸರ್‌ಗಳಲ್ಲಿ 14ನೆಯ ವರ್ಣತಂತುವಿನ ಪ್ರತಿಕಾಯ ಜೀನು ಪದೇ ಪದೇ ಸಿಕ್ಕಿಬೀಳುವುದಕ್ಕೆ ಕಾರಣ ಇದು.

ಹೊರಗಿನ ಕಾರಣಗಳಲ್ಲಿ ಖಚಿತವಾದವು ವಿಕಿರಣ, ಬೆಂಜೀನ್ ಮತ್ತು ಕ್ಯಾನ್ಸರಿಗೇ ಕೊಡುವ ಕೆಲವು ಔಷಧಗಳು. ಹಿರೋಶಿಮಾ, ನಾಗಸಾಕಿಗಳಲ್ಲಿ ಬದುಕುಳಿದವರಲ್ಲಿ ಲ್ಯುಕೇಮಿಯಾ ಹೆಚ್ಚಿದ್ದು ದೀರ್ಘಕಾಲದ ಅಧ್ಯಯನಗಳಲ್ಲಿ ದಾಖಲಾಗಿದೆ. ಸ್ತನ ಕ್ಯಾನ್ಸರಿಗೋ ಲಿಂಫೋಮಾಕ್ಕೋ ಕೀಮೋಥೆರಪಿ ಪಡೆದವರಲ್ಲಿ ವರ್ಷಗಳ ಬಳಿಕ ಲ್ಯುಕೇಮಿಯಾ ಬರುವುದುಂಟು. ಆಲ್ಕೈಲೇಟಿಂಗ್ ಔಷಧಗಳ ನಂತರ ಬಂದದ್ದರಲ್ಲಿ 5 ಮತ್ತು 7ನೆಯ ವರ್ಣತಂತುಗಳ ನಷ್ಟ ಸಾಮಾನ್ಯ. ಎಟೊಪೊಸೈಡ್‌ನಂಥ ಔಷಧಗಳ ನಂತರದ್ದರಲ್ಲಿ 11ನೆಯ ವರ್ಣತಂತುವಿನ ಕೆಎಂಟಿ2ಎ ಜೀನಿನ ಸ್ಥಾನಾಂತರ ಸಾಮಾನ್ಯ. ಹಾನಿಯ ಗುರುತು ನೋಡಿ ಹಾನಿ ಮಾಡಿದ ಔಷಧ ಯಾವುದೆಂದು ಊಹಿಸಬಹುದಾದಷ್ಟು ಸ್ಪಷ್ಟವಾದ ನಂಟಿದು.

ಬದಲಾವಣೆಗಳ ಸ್ವರೂಪ

ರಚನೆಯ ದೃಷ್ಟಿಯಿಂದ, ಇಡೀ ವರ್ಣತಂತು ಹೆಚ್ಚುವುದು ಅಥವಾ ಕಳೆದುಹೋಗುವುದು, ಅದರ ಒಂದು ಭಾಗ ಅಳಿಯುವುದು, ಸ್ಥಾನಾಂತರ, ಒಂದು ತುಂಡು ತಿರುಗುಮುರುಗಾಗುವುದು, ಮತ್ತು ಒಂದೋ ಕೆಲವೋ ಅಕ್ಷರ ಬದಲಾಗುವುದು ಇವು ಮುಖ್ಯ ಬಗೆಗಳು. ಸ್ಥಾನಾಂತರದ ಪರಿಣಾಮ ಎರಡು ತೆರನಾದದ್ದು. ಮೈಲಾಯ್ಡ್ ಕ್ಯಾನ್ಸರ್‌ಗಳಲ್ಲಿ ಅದು ಸಾಮಾನ್ಯವಾಗಿ ಬೆಸುಗೆ ಜೀನನ್ನೂ, ಅದರ ಮೂಲಕ ದೇಹದಲ್ಲಿ ಹಿಂದೆಂದೂ ಇರದಿದ್ದ ಪ್ರೋಟೀನನ್ನೂ ಹುಟ್ಟಿಸುತ್ತದೆ. ಲಿಂಫೋಮಾಗಳಲ್ಲಿ ಹೆಚ್ಚಾಗಿ ಪ್ರೋಟೀನು ಹಳೆಯದೇ. ಆದರೆ ಅದರ ಜೀನು ಪ್ರತಿಕಾಯ ಜೀನಿನ ಪಕ್ಕಕ್ಕೆ ಬಂದು ಬೀಳುವುದರಿಂದ ಅಳತೆಮೀರಿ ತಯಾರಾಗುತ್ತದೆ.

ಕೆಲಸದ ದೃಷ್ಟಿಯಿಂದ ನೋಡಿದರೆ, ಕೋಶ ವಿಭಜನೆಗೆ ಒತ್ತಾಯಿಸುವವು, ಕೋಶ ಪಕ್ವವಾಗುವುದನ್ನು ತಡೆಯುವವು, ಸಾಯಬೇಕಾದ ಕೋಶವನ್ನು ಬದುಕಿಸಿಡುವವು, ಡಿಎನ್‌ಎಯ ಕಾವಲನ್ನು ಕೆಡಿಸುವವು, ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ಬದಲಿಸುವವು ಎಂದು ಬೇರ್ಪಡಿಸುವುದು ರೂಢಿ. ತೀವ್ರ ಲ್ಯುಕೇಮಿಯಾಕ್ಕೆ ಸಾಧಾರಣವಾಗಿ ಇವುಗಳಲ್ಲಿ ಒಂದು ಸಾಲದು, ಎರಡು ಮೂರು ಕೂಡಬೇಕು. ಅಷ್ಟಾದರೂ ರಕ್ತ ಕ್ಯಾನ್ಸರ್ ಕೋಶಗಳಲ್ಲಿ ಶ್ವಾಸಕೋಶ, ಚರ್ಮಗಳ ಕ್ಯಾನ್ಸರ್‌ಗಳಿಗೆ ಹೋಲಿಸಿದರೆ ಉತ್ಪರಿವರ್ತನೆಗಳು ಬಹಳ ಕಡಿಮೆ. 2013ರಲ್ಲಿ ತೀವ್ರ ಮೈಲಾಯ್ಡ್ ಲ್ಯುಕೇಮಿಯಾದ 200 ರೋಗಿಗಳ ಅಧ್ಯಯನದಲ್ಲಿ ಪ್ರತಿ ರೋಗಿಗೆ ಸರಾಸರಿ 13 ಜೀನ್‌ಗಳಲ್ಲಿ ಮಾತ್ರ ಉತ್ಪರಿವರ್ತನೆ ಕಂಡಿತು.

ಒಂದೇ ರೋಗಿಯ ಕ್ಯಾನ್ಸರ್ ಕೋಶಗಳೆಲ್ಲ ಒಂದೇ ತೆರನಾಗಿರುವುದಿಲ್ಲ. ಮೂಲ ಕೋಶಕುಲದಿಂದ ಕವಲುಗಳು ಒಡೆಯುತ್ತ ಹೋಗುತ್ತವೆ. ಚಿಕಿತ್ಸೆಗೆ ಬಗ್ಗದ ಕವಲು ಉಳಿದು ಬೆಳೆಯುತ್ತದೆ. ಈ ವಿಕಾಸದ ವಿವರಣೆಯನ್ನು 1976ರಲ್ಲಿ ಮುಂದಿಟ್ಟವರು ಅದೇ ಪೀಟರ್ ನೋವೆಲ್.

ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ

ಈ ರೋಗದಲ್ಲಿ ಒಂದೇ ಒಂದು ಬದಲಾವಣೆ ಆರಂಭಿಕ ಹಂತದ ಇಡೀ ಚಿತ್ರವನ್ನು ವಿವರಿಸುತ್ತದೆ. ಹೀಗಾಗಿ ಕ್ಯಾನ್ಸರ್ ಜೀನ್ ವಿಜ್ಞಾನದಲ್ಲಿ ಇದಕ್ಕಿರುವ ಸ್ಥಾನ ಬೇರೆ ಯಾವುದಕ್ಕೂ ಇಲ್ಲ. 9ನೆಯ ವರ್ಣತಂತುವಿನಲ್ಲಿರುವ ಏಬಿಎಲ್1 ಜೀನು ಟೈರೊಸಿನ್ ಕೈನೇಸ್ ಎಂಬ ಬಗೆಯ ಕಿಣ್ವವನ್ನು ಕೊಡುತ್ತದೆ. ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ, ಬೆಳೆ ಎಂಬ ಸಂದೇಶವನ್ನು ಮುಂದೆ ಸಾಗಿಸುವುದು ಇದರ ಕೆಲಸ. ಸಹಜ ಕೋಶದಲ್ಲಿ ಇದು ಬೇಕಾದಾಗ ಮಾತ್ರ ಎಚ್ಚರಗೊಳ್ಳುತ್ತದೆ. 22ನೆಯದರ ಬಿಸಿಆರ್ ಜೀನಿನ ಜೊತೆ ಬೆಸೆದುಕೊಂಡಾಗ, ಒತ್ತಿದ ಸ್ವಿಚ್ಚು ಮೇಲೇಳದೆ ಸಿಕ್ಕಿಕೊಂಡ ಹಾಗೆ, ಕಿಣ್ವ ಸದಾ ಚಾಲೂ ಇರುತ್ತದೆ. ಬಿಳಿಕಣಗಳು ಲೆಕ್ಕವಿಲ್ಲದೆ ಹೆಚ್ಚುತ್ತವೆ, ಗುಲ್ಮ ಊದಿಕೊಳ್ಳುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಕೆಲವು ವರ್ಷಗಳಲ್ಲಿ ಬೇರೆ ಬದಲಾವಣೆಗಳೂ ಸೇರಿ ರೋಗ ತೀವ್ರ ಲ್ಯುಕೇಮಿಯಾದ ರೂಪ ತಾಳುತ್ತದೆ. ಇದಕ್ಕೆ ಬ್ಲಾಸ್ಟ್ ಹಂತ ಎಂದು ಹೆಸರು.

ಬಿಸಿಆರ್–ಏಬಿಎಲ್1 ಒಂದೇ ರೋಗ ತರಲು ಸಾಕು ಎಂಬುದು 1990ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಸಿದ್ಧವಾಯಿತು: ಆ ಬೆಸುಗೆ ಜೀನನ್ನು ಹೊಗಿಸಿದ ಮಜ್ಜೆ ಪಡೆದ ಇಲಿಗಳಿಗೆ ಇದೇ ಲ್ಯುಕೇಮಿಯಾ ಬಂತು. ಹಾಗಿದ್ದರೆ ಈ ಕಿಣ್ವವನ್ನು ಮಾತ್ರ ತಡೆದರೆ? ಸಿಬಾ-ಗೈಗಿ ಕಂಪನಿಯ ನಿಕೊಲಸ್ ಲೈಡನ್ ಮತ್ತು ಸಂಗಡಿಗರು ರೂಪಿಸಿದ ಅಣುವೊಂದನ್ನು ಅಮೆರಿಕದ ಆರೆಗನ್ ರಾಜ್ಯದ ಬ್ರಯನ್ ಡ್ರೂಕರ್ ಪರೀಕ್ಷೆಗೆ ಒಡ್ಡಿದರು. ಮುಂದೆ ಇಮಾಟಿನಿಬ್ ಎಂದು ಹೆಸರಾದದ್ದು ಆ ಅಣು. ಕಿಣ್ವವು ತನ್ನ ಇಂಧನವಾದ ಎಟಿಪಿಯನ್ನು ಹಿಡಿಯುವ ಪೊಳ್ಳಿನಲ್ಲಿ ಇದು ಹೋಗಿ ಕೂರುತ್ತದೆ. 1998ರಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರುವಾಯಿತು. ಇಂಟರ್‌ಫೆರಾನ್ ಚಿಕಿತ್ಸೆ ಫಲಿಸದಿದ್ದ ರೋಗಿಗಳಲ್ಲಿ, ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ಮಂದಿಯ ಪೈಕಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಕ್ಕೆ ಮರಳಿತು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಅನುಮತಿ ಸಿಕ್ಕಿತು. ಇಮಾಟಿನಿಬ್‌ನಿಂದ ಚಿಕಿತ್ಸೆ ಆರಂಭಿಸಿದವರನ್ನು ದೀರ್ಘಕಾಲ ಗಮನಿಸಿದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 10 ವರ್ಷಗಳ ಬಳಿಕ ಬದುಕಿದ್ದವರ ಪ್ರಮಾಣ ಶೇ. 83.

ಕೆಲವರಲ್ಲಿ ಔಷಧ ಫಲ ಕೊಡುವುದು ನಿಂತಿತು. ಕಾರಣ ಮತ್ತೆ ಜೀನಿನಲ್ಲೇ ಸಿಕ್ಕಿತು: ಏಬಿಎಲ್1ನ 315ನೆಯ ಸ್ಥಾನದಲ್ಲಿ ಥ್ರಿಯೊನಿನ್ ಬದಲು ಐಸೊಲ್ಯೂಸಿನ್ ಬಂದು, ಔಷಧ ಕೂರುವ ಪೊಳ್ಳಿನ ಬಾಗಿಲು ಮುಚ್ಚಿಹೋಗಿತ್ತು. ಡಾಸಾಟಿನಿಬ್, ನಿಲೋಟಿನಿಬ್‌ಗಳು ಪ್ರತಿರೋಧದ ಹೆಚ್ಚಿನ ಬಗೆಗಳನ್ನು ಮೀರಿದರೂ ಈ ಒಂದಕ್ಕೆ ಸೋತವು. 2012ರಲ್ಲಿ ಬಂದ ಪೊನಾಟಿನಿಬ್ ಅದನ್ನೂ ತಡೆಯಿತು. ಕಿಣ್ವದ ಬೇರೊಂದು ಪೊಳ್ಳಿನಲ್ಲಿ ಕೂರುವ ಅಸಿಮಿನಿಬ್‌ಗೆ 2021ರಲ್ಲಿ ಅನುಮತಿ ದೊರೆಯಿತು.

ತೀವ್ರ ಮೈಲಾಯ್ಡ್ ಲ್ಯುಕೇಮಿಯಾ

ಸೂಕ್ಷ್ಮದರ್ಶಕಕ್ಕೆ ಹೆಚ್ಚುಕಡಿಮೆ ಒಂದೇ ಆಗಿ ಕಾಣುವ ಈ ರೋಗ, ಜೀನ್‌ಗಳ ಮಟ್ಟದಲ್ಲಿ ಹಲವು ರೋಗಗಳ ಗುಂಪು. 8–21 ಸ್ಥಾನಾಂತರ ಮತ್ತು 16ನೆಯ ವರ್ಣತಂತುವಿನ ತಿರುಗುಮುರುಗು ಇರುವವರಿಗೆ ಕೀಮೋಥೆರಪಿ ಚೆನ್ನಾಗಿ ಫಲಿಸುತ್ತದೆ. ಡಿಎನ್‌ಎಯ ಕಾವಲು ಕಾಯುವ ಟಿಪಿ53 ಜೀನು ಕೆಟ್ಟು ಹಲವು ವರ್ಣತಂತುಗಳು ಅಸ್ತವ್ಯಸ್ತವಾಗಿದ್ದರೆ ಯಾವ ಚಿಕಿತ್ಸೆಗೂ ಬಗ್ಗುವುದು ಕಷ್ಟ. ವಯಸ್ಕ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿಗೆ ಎನ್‌ಪಿಎಂ1 ಜೀನಿನ ಉತ್ಪರಿವರ್ತನೆ ಇದೆ. ಕೋಶಕೇಂದ್ರದಲ್ಲಿರಬೇಕಾದ ಪ್ರೋಟೀನು ಇದರಿಂದ ಹೊರಗಿನ ಕೋಶರಸಕ್ಕೆ ಬಂದು ಸೇರುತ್ತದೆ. ಇಟಲಿಯ ಬ್ರೂನೊ ಫಲಿನಿ ತಂಡ ಇದನ್ನು ಕಂಡದ್ದು 2005ರಲ್ಲಿ. ಹೆಚ್ಚುಕಡಿಮೆ ಅಷ್ಟೇ ಮಂದಿಯಲ್ಲಿ ಎಫ್‌ಎಲ್‌ಟಿ3 ಎಂಬ ಕೈನೇಸ್ ಸದಾ ಚಾಲೂ ಇರುತ್ತದೆ. ಇದನ್ನು ತಡೆಯುವ ಮಿಡೊಸ್ಟಾರಿನ್ 2017ರಲ್ಲಿ, ಗಿಲ್ಟೆರಿಟಿನಿಬ್ 2018ರಲ್ಲಿ ಬಳಕೆಗೆ ಬಂದವು.

ಐಡಿಎಚ್1, ಐಡಿಎಚ್2 ಜೀನ್‌ಗಳ ಉತ್ಪರಿವರ್ತನೆ ಬೇರೆಯೇ ಬಗೆಯದು. ಇವು ಕೋಶದ ಶಕ್ತಿ ತಯಾರಿಕೆಗೆ ಸೇರಿದ ಕಿಣ್ವಗಳು. ಕೆಟ್ಟಾಗ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತುವನ್ನು ರಾಶಿರಾಶಿ ತಯಾರಿಸುತ್ತವೆ. ಅದು ಡಿಎನ್‌ಎ ಮೇಲಿನ ಮಿಥೈಲ್ ಗುರುತುಗಳನ್ನು ಅಳಿಸುವ ಕಿಣ್ವಗಳನ್ನು ಕಟ್ಟಿಹಾಕಿ, ಕೋಶ ಪಕ್ವವಾಗದಂತೆ ನಿಲ್ಲಿಸುತ್ತದೆ. ಇವಕ್ಕೂ ಪ್ರತ್ಯೇಕ ಮಾತ್ರೆಗಳಿವೆ: ಐವೊಸಿಡೆನಿಬ್, ಎನಾಸಿಡೆನಿಬ್.

ಈ ಗುಂಪಿನಲ್ಲಿ ವಿಶೇಷ ಗಮನಕ್ಕೆ ಅರ್ಹವಾದದ್ದು ತೀವ್ರ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ. ಒಂದು ಕಾಲಕ್ಕೆ ರಕ್ತಸ್ರಾವದಿಂದ ದಿನಗಳಲ್ಲೇ ಸಾವು ತರುತ್ತಿದ್ದ ರೋಗ ಇದು. 15–17 ಸ್ಥಾನಾಂತರದಿಂದ ಪಿಎಂಎಲ್–ರಾರಾ ಎಂಬ ಬೆಸುಗೆ ಜೀನು ಹುಟ್ಟುತ್ತದೆ. ಇದರ ಒಂದರ್ಧ, ವಿಟಮಿನ್ ಎ ವರ್ಗದ ರೆಟಿನಾಯಿಕ್ ಆಮ್ಲವನ್ನು ಹಿಡಿದು ಕೋಶಕ್ಕೆ ಪಕ್ವವಾಗಲು ಹೇಳುವ ಗ್ರಾಹಕ. ಬೆಸುಗೆಯಾದ ಗ್ರಾಹಕ ಸಾಮಾನ್ಯ ಪ್ರಮಾಣದ ಆಮ್ಲಕ್ಕೆ ಓಗೊಡುವುದಿಲ್ಲ. ಕೋಶಗಳು ಪ್ರೋಮೈಲೋಸೈಟ್ ಹಂತದಲ್ಲೇ ನಿಂತುಬಿಡುತ್ತವೆ. ಶಾಂಘೈನ ವಾಂಗ್ ಜೆನ್‌ಯಿ 1985ರಲ್ಲಿ ಐದು ವರ್ಷದ ಹುಡುಗಿಯೊಬ್ಬಳಿಗೆ ಆಲ್‌ಟ್ರಾನ್ಸ್ ರೆಟಿನಾಯಿಕ್ ಆಮ್ಲವನ್ನು ಔಷಧ ಪ್ರಮಾಣದಲ್ಲಿ ಕೊಟ್ಟರು. ಕ್ಯಾನ್ಸರ್ ಕೋಶಗಳು ಪಕ್ವಗೊಂಡವು, ಹುಡುಗಿ ಗುಣಮುಖಳಾದಳು. ಬೆಸುಗೆ ಜೀನು ಗೊತ್ತಾದದ್ದು ಆಮೇಲೆ. ಚಿಕಿತ್ಸೆ ಏಕೆ ಫಲಿಸಿತೆಂಬುದಕ್ಕೆ ವಿವರಣೆ ಸಿಕ್ಕಿದ್ದೂ ಆಗಲೇ. ಚೀನಾದ ಹಾರ್ಬಿನ್ ನಗರದ ವೈದ್ಯರು 1970ರ ದಶಕದಿಂದ ಬಳಸುತ್ತಿದ್ದ ಆರ್ಸೆನಿಕ್ ಟ್ರೈಆಕ್ಸೈಡ್, ಅಂದರೆ ಶುದ್ಧಗೊಳಿಸಿದ ಪಾಷಾಣ, ಬೆಸುಗೆ ಪ್ರೋಟೀನಿನ ಇನ್ನೊಂದರ್ಧವನ್ನು ಹಿಡಿದು ನಾಶಮಾಡುತ್ತದೆ. ಇವೆರಡನ್ನೇ ಕೊಟ್ಟು, ಕೀಮೋಥೆರಪಿ ಇಲ್ಲದೆಯೂ ಹೆಚ್ಚಿನ ರೋಗಿಗಳನ್ನು ಗುಣಪಡಿಸಬಹುದೆಂದು 2013ರಲ್ಲಿ ಇಟಲಿ–ಜರ್ಮನಿಯ ಅಧ್ಯಯನ ತೋರಿಸಿತು. ಭಾರತದ ಕೊಡುಗೆಯೂ ಇಲ್ಲಿ ದೊಡ್ಡದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವಿಕ್ರಮ್ ಮ್ಯಾಥ್ಯೂಸ್ ಮತ್ತು ಸಹೋದ್ಯೋಗಿಗಳು ಆರ್ಸೆನಿಕ್ ಒಂದರಿಂದಲೇ ಹೊಸ ರೋಗಿಗಳಲ್ಲಿ ದೀರ್ಘಕಾಲದ ಗುಣ ಸಾಧ್ಯವೆಂದು 2006ರಲ್ಲಿ ವರದಿ ಮಾಡಿದರು. ದುಬಾರಿ ಚಿಕಿತ್ಸೆ ಭರಿಸಲಾಗದವರಿಗೆ ಅದರಿಂದ ದಾರಿಯಾಯಿತು.

ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ

ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದು. ಕೋಶದಲ್ಲಿ 50ಕ್ಕಿಂತ ಹೆಚ್ಚು ವರ್ಣತಂತುಗಳಿರುವುದೂ, 12–21 ಸ್ಥಾನಾಂತರದಿಂದ ಬರುವ ಇಟಿವಿ6–ರನ್ಎಕ್ಸ್1 ಬೆಸುಗೆಯೂ ಮಕ್ಕಳಲ್ಲಿ ಸಾಮಾನ್ಯ. ಎರಡೂ ಒಳ್ಳೆಯ ಮುನ್ಸೂಚನೆಗಳು. ಒಂದು ವರ್ಷದೊಳಗಿನ ಶಿಶುಗಳಲ್ಲಿ ಕೆಎಂಟಿ2ಎ ಸ್ಥಾನಾಂತರವೇ ಪ್ರಧಾನ, ಗುಣವಾಗುವುದು ಕಷ್ಟ. ವಯಸ್ಕ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಫಿಲಡೆಲ್ಫಿಯಾ ವರ್ಣತಂತು ಇರುತ್ತದೆ. ಕೀಮೋಥೆರಪಿಗೆ ಇಮಾಟಿನಿಬ್ ವರ್ಗದ ಔಷಧ ಸೇರಿಸಿದಮೇಲೆ ಅವರ ಸ್ಥಿತಿ ಬಹಳ ಸುಧಾರಿಸಿದೆ. ಟಿ ಕೋಶದ ಬಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ನಾಚ್1 ಜೀನಿನ ಉತ್ಪರಿವರ್ತನೆ ಇದೆ.

ಇಟಿವಿ6–ರನ್ಎಕ್ಸ್1 ಬೆಸುಗೆ ಎಷ್ಟೋ ವೇಳೆ ಹುಟ್ಟುವ ಮೊದಲೇ ಆಗಿರುತ್ತದೆ. ಲಂಡನ್ನಿನ ಮೆಲ್ ಗ್ರೀವ್ಸ್ ತಂಡವು ಲ್ಯುಕೇಮಿಯಾ ಬಂದ ಮಕ್ಕಳ ನವಜಾತ ತಪಾಸಣೆಯ ಕಾರ್ಡುಗಳನ್ನು, ಅಂದರೆ ಹಿಮ್ಮಡಿ ಚುಚ್ಚಿ ತೆಗೆದ ಒಣರಕ್ತದ ಚುಕ್ಕೆಗಳನ್ನು, ವರ್ಷಗಳ ಬಳಿಕ ಹೊರತೆಗೆದು ಪರೀಕ್ಷಿಸಿತು. ಅವೇ ಬೆಸುಗೆಗಳು ಅವುಗಳಲ್ಲಿದ್ದವು. ಒಂದೇ ಮಾಸು ಹಂಚಿಕೊಂಡ ಅವಳಿಗಳಲ್ಲಿ ಒಂದು ಮಗುವಿನ ರೋಗಪೂರ್ವ ಕೋಶಗಳು ರಕ್ತದ ಮೂಲಕ ಇನ್ನೊಂದಕ್ಕೂ ಸಾಗುತ್ತವೆ. ಆದರೆ ಬೆಸುಗೆ ಇದ್ದ ಮಾತ್ರಕ್ಕೆ ರೋಗ ಬರುವುದಿಲ್ಲ. ಆರೋಗ್ಯವಂತ ನವಜಾತ ಶಿಶುಗಳಲ್ಲೂ ಸುಮಾರು ನೂರಕ್ಕೆ ಒಂದರಲ್ಲಿ ಅಥವಾ ಹೆಚ್ಚಿನವುಗಳಲ್ಲಿ ಅದು ಕಾಣುತ್ತದೆ. ಅವರಲ್ಲಿ ತೀರ ಕೆಲವರಿಗೆ ಮಾತ್ರ, ಎರಡನೆಯ ಬದಲಾವಣೆಯ ಏಟು ಬಿದ್ದಮೇಲೆ, ಲ್ಯುಕೇಮಿಯಾ ಆಗುತ್ತದೆ.

ಲಿಂಫೋಮಾ, ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾ, ಮೈಲೋಮಾ

ಉಗಾಂಡಾದಲ್ಲಿ ಕೆಲಸ ಮಾಡುತ್ತಿದ್ದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1958ರಲ್ಲಿ ಮಕ್ಕಳ ದವಡೆಯಲ್ಲಿ ವೇಗವಾಗಿ ಬೆಳೆಯುವ ಗಂತಿಗಳನ್ನು ವರ್ಣಿಸಿದ. ಬರ್ಕಿಟ್ ಲಿಂಫೋಮಾ ಎಂದು ಹೆಸರಾದ ಆ ರೋಗದಲ್ಲಿ 8ನೆಯ ವರ್ಣತಂತುವಿನ ಮಿಕ್ ಜೀನು 14ನೆಯದರ ಪ್ರತಿಕಾಯ ಜೀನಿನ ಬಳಿಗೆ ಬಂದಿರುವುದು 1982ರಲ್ಲಿ ತಿಳಿಯಿತು. ಫಾಲಿಕ್ಯುಲರ್ ಲಿಂಫೋಮಾದ 14–18 ಸ್ಥಾನಾಂತರದಿಂದ ಸಿಕ್ಕಿದ ಬಿಸಿಎಲ್2 ಜೀನು ಹೊಸ ಪಾಠವನ್ನೇ ಕಲಿಸಿತು. ಅದು ಕೋಶವನ್ನು ವಿಭಜಿಸುವುದಿಲ್ಲ, ಸಾಯಲು ಬಿಡುವುದಿಲ್ಲ. ಬಿಸಿಎಲ್2 ಪ್ರೋಟೀನನ್ನು ತಡೆಯುವ ವೆನೆಟೊಕ್ಲಾಕ್ಸ್ 2016ರಲ್ಲಿ ಅನುಮತಿ ಪಡೆದು, ಈಗ ಹಲವು ರಕ್ತ ಕ್ಯಾನ್ಸರ್‌ಗಳಲ್ಲಿ ಬಳಕೆಯಲ್ಲಿದೆ. ಮ್ಯಾಂಟಲ್ ಕೋಶ ಲಿಂಫೋಮಾದಲ್ಲಿ 11–14 ಸ್ಥಾನಾಂತರವು ಸೈಕ್ಲಿನ್ ಡಿ1 ಪ್ರೋಟೀನನ್ನು ಹೆಚ್ಚಿಸುತ್ತದೆ.

ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾದಲ್ಲಿ 13ನೆಯ ವರ್ಣತಂತುವಿನ ತುಂಡು ಅಳಿದಿದ್ದರೆ ರೋಗ ನಿಧಾನ. 17ನೆಯದರ ಗಿಡ್ಡ ತೋಳು ಅಳಿದು ಟಿಪಿ53 ಹೋದರೆ ಕೀಮೋಥೆರಪಿ ನಾಟುವುದಿಲ್ಲ. ಅಂಥವರಿಗೆ ಈಗ ಇಬ್ರುಟಿನಿಬ್‌ನಂಥ, ಬಿಟಿಕೆ ಎಂಬ ಕಿಣ್ವವನ್ನು ತಡೆಯುವ ಔಷಧಗಳೇ ಮೊದಲ ಆಯ್ಕೆಗಳಲ್ಲಿ ಸೇರಿವೆ. ಹೇರಿ ಸೆಲ್ ಲ್ಯುಕೇಮಿಯಾದ ಬಹುತೇಕ ಎಲ್ಲ ರೋಗಿಗಳಲ್ಲಿ ಬ್ರಾಫ್ ಜೀನಿನ ಒಂದೇ ಉತ್ಪರಿವರ್ತನೆ ಇರುವುದು 2011ರಲ್ಲಿ ಪತ್ತೆಯಾಯಿತು. ಮೈಲೋಮಾದಲ್ಲಿ ಸರಿಸುಮಾರು ಅರ್ಧದಷ್ಟು ರೋಗಿಗಳಿಗೆ ವರ್ಣತಂತುಗಳ ಸಂಖ್ಯೆ ಹೆಚ್ಚಿರುತ್ತದೆ. ಉಳಿದ ಹೆಚ್ಚಿನವರಿಗೆ 14ನೆಯ ವರ್ಣತಂತುವಿನ ಸ್ಥಾನಾಂತರವಿದೆ.

ಮಜ್ಜೆಯ ಇತರ ರೋಗಗಳು ಮತ್ತು ರೋಗಪೂರ್ವ ಸ್ಥಿತಿ

ರಕ್ತಕಣಗಳು ಅತಿಯಾಗಿ ತಯಾರಾಗುವ ಮೈಲೋಪ್ರೊಲಿಫರೇಟಿವ್ ರೋಗಗಳಿಗೆ 2005ರಲ್ಲಿ ನಾಲ್ಕು ತಂಡಗಳು ಬೇರೆಬೇರೆಯಾಗಿ ಒಂದೇ ಕಾರಣ ಕಂಡವು: ಜಾಕ್2 ಜೀನಿನ 617ನೆಯ ಸ್ಥಾನದ ಬದಲಾವಣೆ. ಕೆಂಪುಕಣ ಹೆಚ್ಚುವ ಪಾಲಿಸೈಥೀಮಿಯಾ ವೆರಾ ರೋಗಿಗಳಲ್ಲಿ ಸುಮಾರು ಶೇ. 95 ಮಂದಿಗೆ ಇದಿದೆ. ಜಾಕ್2 ದೋಷವಿಲ್ಲದ ಪ್ಲೇಟ್‌ಲೆಟ್ ಹೆಚ್ಚಳದ ರೋಗಿಗಳಲ್ಲಿ ಅನೇಕರಿಗೆ ಸಿಎಎಲ್ಆರ್ ಜೀನಿನ ದೋಷ ಇರುವುದು 2013ರಲ್ಲಿ ತಿಳಿಯಿತು. ಮಜ್ಜೆ ತುಂಬಿದ್ದರೂ ರಕ್ತಕಣಗಳು ಸಾಲದಾಗುವ ಮೈಲೋಡಿಸ್‌ಪ್ಲಾಸ್ಟಿಕ್ ರೋಗಗಳಲ್ಲಿ ಎಸ್ಎಫ್3ಬಿ1 ಮೊದಲಾದ, ಆರ್‌ಎನ್‌ಎಯನ್ನು ಕತ್ತರಿಸಿ ಜೋಡಿಸುವ ಜೀನ್‌ಗಳು ಕೆಟ್ಟಿರುತ್ತವೆ. 5ನೆಯ ವರ್ಣತಂತುವಿನ ಉದ್ದ ತೋಳು ಅಳಿದ ಬಗೆಗೆ ಲೆನಲಿಡೊಮೈಡ್ ಚೆನ್ನಾಗಿ ಫಲಿಸುತ್ತದೆ.

2014ರಲ್ಲಿ ಪ್ರಕಟವಾದ ಅಧ್ಯಯನಗಳು, ರೋಗವೇ ಇಲ್ಲದವರ ರಕ್ತದಲ್ಲೂ ಡಿಎನ್‌ಎಂಟಿ3ಎ, ಟೆಟ್2, ಎಎಸ್ಎಕ್ಸ್ಎಲ್1 ಜೀನ್‌ಗಳ ಉತ್ಪರಿವರ್ತನೆ ಹೊತ್ತ ಕೋಶಕುಲಗಳಿರುತ್ತವೆಂದು ತೋರಿಸಿದವು. 70 ದಾಟಿದವರಲ್ಲಿ ಹತ್ತರಲ್ಲಿ ಒಬ್ಬರಿಗಾದರೂ ಇವು ಇವೆ. ವರ್ಷಕ್ಕೆ ಶೇ. 0.5ರಿಂದ 1ರಷ್ಟು ಮಂದಿಗೆ ಮಾತ್ರ ಇದು ರಕ್ತ ಕ್ಯಾನ್ಸರಿಗೆ ತಿರುಗುತ್ತದೆ. ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಅಪಾಯವೂ ಇವರಲ್ಲಿ ಹೆಚ್ಚು ಎಂಬುದು ಯಾರೂ ನಿರೀಕ್ಷಿಸದಿದ್ದ ಫಲಿತಾಂಶ.

ಹುಟ್ಟಿನಿಂದ ಬರುವ ಒಲವು

ಸಣ್ಣ ಪಾಲಿನ ರೋಗಿಗಳಲ್ಲಿ ಬದಲಾವಣೆ ದೇಹದ ಎಲ್ಲ ಕೋಶಗಳಲ್ಲೂ ಹುಟ್ಟಿನಿಂದಲೇ ಇರುತ್ತದೆ. ರನ್ಎಕ್ಸ್1, ಗ್ಯಾಟಾ2, ಸಿಇಬಿಪಿಎ, ಡಿಡಿಎಕ್ಸ್41 ಜೀನ್‌ಗಳ ದೋಷಗಳು ಕುಟುಂಬಗಳಲ್ಲಿ ಸಾಗಿಬರುತ್ತವೆ. ಡಿಎನ್‌ಎ ದುರಸ್ತಿ ಕೆಟ್ಟ ಫ್ಯಾಂಕೋನಿ ಅನೀಮಿಯಾದಲ್ಲೂ ಲ್ಯುಕೇಮಿಯಾದ ಅಪಾಯ ಹೆಚ್ಚು. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಬರುವ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ, ಹೆಚ್ಚುವರಿ 21ನೆಯ ವರ್ಣತಂತುವಿನ ಜೊತೆ ಗ್ಯಾಟಾ1 ಜೀನಿನ ಉತ್ಪರಿವರ್ತನೆ ಸೇರಿರುತ್ತದೆ. ಇಂಥ ಒಲವನ್ನು ಗುರುತಿಸುವುದು ಬಹಳ ಮುಖ್ಯ. ಏಕೆಂದರೆ ಮಜ್ಜೆ ಕಸಿಗೆ ದಾನಿಯಾಗಿ ಬರುವ ಅಣ್ಣ ತಂಗಿಯಲ್ಲೂ ಅದೇ ದೋಷವಿರಬಹುದು.

ಪತ್ತೆ ವಿಧಾನಗಳು

ಸೊಂಟದ ಮೂಳೆಯ ಹಿಂಭಾಗದಿಂದ ಸೂಜಿ ಹಾಕಿ ಮಜ್ಜೆಯ ಮಾದರಿ ತೆಗೆಯುತ್ತಾರೆ. ಅದನ್ನು ಎರಡು ಬಗೆಯ ಕೊಳವೆಗಳಿಗೆ ಹಂಚಲಾಗುತ್ತದೆ. ಹಸಿರು ಮುಚ್ಚಳದ ಹೆಪಾರಿನ್ ಕೊಳವೆ ವರ್ಣತಂತು ಪರೀಕ್ಷೆಗೆ. ಇಲ್ಲಿ ಕೋಶಗಳು ಜೀವಂತವಾಗಿ ಪ್ರಯೋಗಾಲಯ ಸೇರಬೇಕು, ಏಕೆಂದರೆ ಅವು ಅಲ್ಲಿ ವಿಭಜನೆಯಾಗಬೇಕು. ವಿಭಜನೆಯ ನಡುವಿನಲ್ಲಿ ತಡೆದು, ಉಬ್ಬಿಸಿ, ಬಣ್ಣ ಹಾಕಿ, ಸಾಮಾನ್ಯವಾಗಿ 20 ಕೋಶಗಳ ವರ್ಣತಂತುಗಳನ್ನು ಒಂದೊಂದಾಗಿ ಓದುತ್ತಾರೆ. ನೇರಳೆ ಮುಚ್ಚಳದ ಇಡಿಟಿಎ ಕೊಳವೆಯ ಮಾದರಿ ಡಿಎನ್‌ಎ, ಆರ್‌ಎನ್‌ಎ ಪರೀಕ್ಷೆಗಳಿಗೆ.

ಹೊಳೆಯುವ ಬಣ್ಣದ ಡಿಎನ್‌ಎ ತುಣುಕುಗಳನ್ನು ಅಂಟಿಸಿ ನೋಡುವ ಫಿಶ್ ಪರೀಕ್ಷೆಗೆ ವಿಭಜನೆಯಾಗುವ ಕೋಶ ಬೇಕಿಲ್ಲ. ಹುಡುಕುತ್ತಿರುವ ದೋಷ ಯಾವುದೆಂದು ಮಾತ್ರ ಮೊದಲೇ ತಿಳಿದಿರಬೇಕು. ಹುಡುಕುವ ಜೀನ್ ತುಣುಕನ್ನು ಪ್ರತಿಮಾಡಿ ಹೆಚ್ಚಿಸುವ ಪಿಸಿಆರ್ ಪರೀಕ್ಷೆ ಲಕ್ಷ ಕೋಶಗಳಲ್ಲಿ ಒಂದು ಕ್ಯಾನ್ಸರ್ ಕೋಶವನ್ನೂ ಹಿಡಿಯಬಲ್ಲದು. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಬಿಸಿಆರ್–ಏಬಿಎಲ್1 ಪ್ರಮಾಣವನ್ನು ಅಂತರರಾಷ್ಟ್ರೀಯ ಮಾಪಕದಲ್ಲಿ ಶೇಕಡಾವಾರು ಅಳೆಯುತ್ತಾರೆ, ಶೇ. 0.1ಕ್ಕೆ ಇಳಿದರೆ ಉತ್ತಮ ಪ್ರತಿಕ್ರಿಯೆ. ಹತ್ತಾರು ಜೀನ್‌ಗಳನ್ನು ಒಟ್ಟಿಗೆ ಓದುವ ಹೊಸ ಪೀಳಿಗೆಯ ಸೀಕ್ವೆನ್ಸಿಂಗ್ ಕಳೆದ ದಶಕದಿಂದ ರೂಢಿಗೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2001ರ ವರ್ಗೀಕರಣದಿಂದ ಮೊದಲ್ಗೊಂಡು 2022ರದ್ದರವರೆಗೆ, ಕೋಶದ ಆಕಾರಕ್ಕಿಂತ ಜೀನ್ ಬದಲಾವಣೆಯೇ ರೋಗದ ಹೆಸರನ್ನು ನಿರ್ಧರಿಸುವ ಪರಿಪಾಠ ಹಂತಹಂತವಾಗಿ ಬಲಗೊಂಡಿದೆ.

ಭಾರತದಲ್ಲಿ ಇಂದಿನ ಸ್ಥಿತಿ

ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಭಾರತದಲ್ಲಿ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ದುಡಿಯುವ ವಯಸ್ಸಿನವರೇ ರೋಗಿಗಳಲ್ಲಿ ಹೆಚ್ಚು. ಹಾಗಾಗಿ ಇಮಾಟಿನಿಬ್‌ನ ಬೆಲೆ ಇಲ್ಲಿ ಸಾವಿರಾರು ಸಂಸಾರಗಳ ಪ್ರಶ್ನೆಯಾಗಿತ್ತು. ಔಷಧದ ಹರಳು ರೂಪಕ್ಕೆ, ಸಿಬಾ-ಗೈಗಿಯ ಉತ್ತರಾಧಿಕಾರಿ ಕಂಪನಿಯಾದ ನೊವಾರ್ಟಿಸ್ ಕೇಳಿದ ಪೇಟೆಂಟನ್ನು ಚೆನ್ನೈ ಪೇಟೆಂಟ್ ಕಚೇರಿ 2006ರಲ್ಲಿ ನಿರಾಕರಿಸಿತು. ಪೇಟೆಂಟ್ ಕಾಯಿದೆಯ 3(ಡಿ) ಕಲಮಿನ ಆಧಾರದಲ್ಲಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಆ ನಿರಾಕರಣೆಯನ್ನು ಎತ್ತಿಹಿಡಿಯಿತು. ಮೂಲ ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿದ್ದ ವೆಚ್ಚ, ದೇಶೀ ಜೆನೆರಿಕ್ ಮಾತ್ರೆಗಳಿಗೆ ಅದರ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆಯಾಗಿತ್ತು.

ಕರ್ನಾಟಕದಲ್ಲಿ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸರ್ಕಾರಿ ವಲಯದ ಪ್ರಮುಖ ಕೇಂದ್ರ. ಮುಂಬೈಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ಕೂಡಿ ರೂಪಿಸಿದ, ರೋಗಿಯ ಟಿ ಕೋಶಗಳಿಗೇ ಹೊಸ ಜೀನು ಸೇರಿಸಿ ಬಿ ಕೋಶದ ಕ್ಯಾನ್ಸರಿನ ಮೇಲೆ ಬಿಡುವ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ವಿದೇಶಿ ಚಿಕಿತ್ಸೆಯ ಸುಮಾರು ಹತ್ತರಲ್ಲೊಂದು ಭಾಗದ ಬೆಲೆಯಾದರೂ ಅದು ಹತ್ತಾರು ಲಕ್ಷ ರೂಪಾಯಿ.

ಔಷಧ ಅಗ್ಗವಾದಷ್ಟು ಪರೀಕ್ಷೆಗಳು ಹತ್ತಿರವಾಗಿಲ್ಲ. ಜೀವಂತ ಕೋಶ ಬೇಕಾದ ವರ್ಣತಂತು ಪರೀಕ್ಷೆಯ ಮಾದರಿ ಜಿಲ್ಲಾ ಆಸ್ಪತ್ರೆಗಳಿಂದ ದೊಡ್ಡ ನಗರಕ್ಕೆ ಬೇಗ ತಲುಪಬೇಕು, ತಡವಾದರೆ ಕೋಶಗಳು ಬೆಳೆಯುವುದಿಲ್ಲ. ಪಿಸಿಆರ್ ಪರೀಕ್ಷೆಯೂ ಸಕಾಲಕ್ಕೆ ಸಿಗುವುದು ಮುಖ್ಯ. ದೀರ್ಘಕಾಲ ಬಿಸಿಆರ್–ಏಬಿಎಲ್1 ಬಹುತೇಕ ಕಾಣದಷ್ಟು ಇಳಿದಿರುವ ರೋಗಿಗಳು ಮಾತ್ರೆ ನಿಲ್ಲಿಸಿ ನೋಡಬಹುದೆಂದು ಫ್ರಾನ್ಸಿನ 2010ರ ಅಧ್ಯಯನ ತೋರಿಸಿತು. ನಿಲ್ಲಿಸಿದವರಲ್ಲಿ ಸುಮಾರು ಶೇ. 40 ಮಂದಿಗೆ ರೋಗ ಮರಳಲಿಲ್ಲ. ಮರಳಿದವರಲ್ಲಿ ಹೆಚ್ಚಿನವರಿಗೆ ಮರಳಿದ್ದು ಮೊದಲ ಆರು ತಿಂಗಳಲ್ಲಿ, ಮಾತ್ರೆ ಮತ್ತೆ ಶುರುಮಾಡಿದಾಗ ಹತೋಟಿಗೆ ಬಂತು. ಈ ಕಾರಣಕ್ಕೆ ನಿಲ್ಲಿಸಿದ ಮೊದಲ ತಿಂಗಳುಗಳಲ್ಲಿ ಪ್ರತಿ ತಿಂಗಳೂ ನಂಬಲರ್ಹ ಪಿಸಿಆರ್ ಆಗಬೇಕೆಂಬ ನಿಯಮವಿದೆ. ಆ ಪರೀಕ್ಷೆ ಸಕಾಲಕ್ಕೆ ಸಿಗದ ಕಡೆ, ಅರ್ಹರಾದ ರೋಗಿಗಳಿಗೂ ಮಾತ್ರೆ ಮುಂದುವರಿಸುವಂತೆಯೇ ವೈದ್ಯರು ಹೇಳುತ್ತಾರೆ.